ಒಲ್ಲದ ತುತ್ತು

ಎಲೆಯ ಮೇಲೆ ಬಡಿಸಿದ ಪಲ್ಯವನ್ನು ಬೆರಳ ತುದಿಯಿಂದ ಅಂಚಿಗೆ ತಳ್ಳುವ ಮಗು ಯಾವ ಮನೆಯಲ್ಲಿಲ್ಲ? ಹಿರಿಯರು ಇದನ್ನು ಹಟವೆನ್ನುತ್ತಾರೆ, ಇಲ್ಲವೆ ಅತಿ ಮುದ್ದಿನ ಫಲವೆನ್ನುತ್ತಾರೆ. ಗದರಿಸಿ ತಿನ್ನಿಸುವುದೂ ಉಂಟು. ಆದರೆ ‘ಒಲ್ಲೆ’ನೆಂಬ ಮಾತು ಹೊರಡುವುದು ನಾಲಿಗೆಯಿಂದಲೋ, ಮನಸ್ಸಿನಿಂದಲೋ ಎಂದು ವಿಚಾರಿಸುವವರು ವಿರಳ.

ನಾಲಿಗೆಯಿಂದಲೇ ಮೊದಲು ಮಾಡೋಣ. 1931ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಆರ್ಥರ್ ಫಾಕ್ಸನು ಫಿನೈಲ್‌ಥಯೋಕಾರ್ಬಮೈಡ್ ಎಂಬ ಪುಡಿಯನ್ನು ಸೀಸೆಗೆ ತುಂಬುತ್ತಿದ್ದಾಗ ಅದರ ಧೂಳು ಗಾಳಿಗೆ ಹಾರಿತು. ಜೊತೆಯಲ್ಲಿದ್ದ ಸಹೋದ್ಯೋಗಿಯು ಬಾಯಿ ಕಹಿಯಾಯಿತೆಂದು ದೂರಿದನು. ಪುಡಿಗೆ ಇನ್ನೂ ಸಮೀಪದಲ್ಲಿದ್ದ ಫಾಕ್ಸನಿಗಾದರೋ ಯಾವ ರುಚಿಯೂ ತಿಳಿಯಲಿಲ್ಲ. ಸಿಕ್ಕಿದವರಿಗೆಲ್ಲ ಅದರ ರುಚಿ ತೋರಿಸಿದಾಗ ಜನರು ಎರಡು ಪಂಗಡಗಳಾದರು. ಈ ಭೇದವು ವಂಶದಲ್ಲಿ ಇಳಿದುಬರುವುದೆಂದು ಬೇಗನೆ ತಿಳಿಯಿತು. ಅದಕ್ಕೆ ಮುಖ್ಯ ಕಾರಣವಾದ ಜೀನ್ 2003ರಲ್ಲಿ ಪತ್ತೆಯಾಯಿತು.

ಕೋಸು, ನವಿಲುಕೋಸು, ಸಾಸಿವೆಗಳ ಬಳಗದ ಗಿಡಗಳಲ್ಲಿ ಈ ಪುಡಿಯನ್ನು ರಚನೆಯಲ್ಲಿ ಹೋಲುವ ವಸ್ತುಗಳಿವೆ. ಆದುದರಿಂದ ಒಂದೇ ಪಾತ್ರೆಯ ಕೋಸಿನ ಪಲ್ಯ ಅಣ್ಣನಿಗೆ ಸಪ್ಪೆಯಾಗಿಯೂ ತಂಗಿಗೆ ಕಹಿಯಾಗಿಯೂ ಇರಬಹುದು. ಭೌತಶಾಸ್ತ್ರವನ್ನು ಬೋಧಿಸುವ ನಾವು ಎಲ್ಲ ಉಷ್ಣಮಾಪಕಗಳೂ ಒಂದೇ ಅಂಕೆಯನ್ನು ತೋರಬೇಕೆಂದು ಬಯಸುತ್ತೇವೆ. ನಾಲಿಗೆಗಳಲ್ಲಿ ಅಳತೆಯ ಗೀಟುಗಳೇ ಬೇರೆಬೇರೆ. (ಹಾಗಲಕಾಯಿಯ ಕಹಿ ಇನ್ನೊಂದು ಜಾತಿಯದು. ಕಹಿಯನ್ನು ಗುರುತಿಸುವ ಸುಮಾರು 25 ಬಗೆಯ ಗ್ರಾಹಕಗಳು ನಮ್ಮಲ್ಲಿವೆ.)

ಇಷ್ಟರಿಂದಲೇ ಎಲ್ಲವೂ ಬಗೆಹರಿಯದು. ಎಷ್ಟೋ ಮಕ್ಕಳು ತಿಂಡಿಯನ್ನು ಬಾಯಿಗೆ ಮುಟ್ಟಿಸುವ ಮೊದಲೇ ಬೇಡವೆನ್ನುತ್ತಾರೆ. ಇಲ್ಲಿ ತಡೆಯುವುದು ರುಚಿಯಲ್ಲ, ಹೊಸದರ ಭಯ. ಎರಡರಿಂದ ಆರು ವರ್ಷಗಳ ನಡುವೆ ಇದು ಪ್ರಬಲವಾಗಿರುತ್ತದೆ. ನಡೆಯಲು ಕಲಿತು, ಸಿಕ್ಕಿದ್ದನ್ನು ತಾನೇ ಬಾಯಿಗಿಟ್ಟುಕೊಳ್ಳಬಲ್ಲ ಕೂಸಿಗೆ ಈ ಅಂಜಿಕೆ ವಿಷದ ಕಾಯಿಗಳಿಂದ ರಕ್ಷಣೆಯಾಗಿದ್ದಿರಬೇಕೆಂಬ ಊಹೆ ನಮಗೆ ಯುಕ್ತವಾಗಿಯೇ ತೋರುತ್ತದೆ.

ಈ ಭಯವನ್ನು ಅಳೆಯಲು 1992ರಲ್ಲಿ ಕೆನಡದ ಪೆಟ್ರೀಶಿಯ ಪ್ಲಿನರ್ ಮತ್ತು ಕ್ಯಾರನ್ ಹಾಬ್ಡನ್ ಹತ್ತು ವಾಕ್ಯಗಳ ಪ್ರಶ್ನಾವಳಿಯೊಂದನ್ನು ರಚಿಸಿದರು. ಹೊಸ ಆಹಾರಕ್ಕೆ ಹೆಚ್ಚು ಅಂಜುವವರು ಸ್ವಭಾವತಃ ಆತಂಕಶೀಲರಾಗಿರುವ ಒಲವು ಕಂಡುಬಂದಿತು. ಹೊಸ ಅನುಭವಗಳನ್ನು ಅರಸಿ ಹೋಗುವವರಲ್ಲಿ ಅಂಜಿಕೆ ಕಡಿಮೆ. ಆದರೆ ಒಲವು ಬೇರೆ, ನಿಯಮ ಬೇರೆ. ಬದನೆಕಾಯಿ ಒಲ್ಲದವನು ಅಂಜುಬುರುಕನೆಂದು ತೀರ್ಮಾನಿಸುವುದು ಶಾಸ್ತ್ರವಲ್ಲ, ಹರಟೆ.

2007ರಲ್ಲಿ ಲಂಡನ್ನಿನ ಸಂಶೋಧಕರು ಎಂಟರಿಂದ ಹನ್ನೊಂದು ವರ್ಷದ 5,390 ಜೋಡಿ ಅವಳಿ ಮಕ್ಕಳನ್ನು ಕುರಿತು ವಿಚಾರಿಸಿ, ಈ ಭಯದಲ್ಲಿ ಮಗುವಿನಿಂದ ಮಗುವಿಗಿರುವ ವ್ಯತ್ಯಾಸದ ಶೇಕಡ 78 ಭಾಗ ಅನುವಂಶೀಯವೆಂದು ಲೆಕ್ಕ ಹಾಕಿದರು. ಒಂದು ಮಗುವಿನ ನಿರಾಕರಣೆಯಲ್ಲಿ ಮುಕ್ಕಾಲು ಪಾಲು ಜೀನಿನದೆಂದು ಇದರ ಅರ್ಥವಲ್ಲ; ಮಕ್ಕಳ ಸಮೂಹದಲ್ಲಿ ಕಾಣುವ ಭೇದದ ಲೆಕ್ಕವಿದು. ಹಾಗಿದ್ದರೂ ತಾಯಂದಿರ ಮೇಲೆ ಹೊರಿಸುವ ದೋಷವನ್ನು ಬಹಳಷ್ಟು ಹಗುರ ಮಾಡಲು ಇದು ಸಾಕು.

ಒಲ್ಲದಿಕೆ ಮಿತಿಮೀರಿ, ಮಗುವಿನ ತೂಕ ಇಳಿದು, ಪೋಷಣೆ ಕುಂದಿದರೆ ಅದು ರೋಗವೇ ಸರಿ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಅದಕ್ಕೆ ಪ್ರತ್ಯೇಕ ಹೆಸರನ್ನೂ ಕೊಟ್ಟಿತು. ಅಂಥ ಮಗುವನ್ನು ವೈದ್ಯರಿಗೆ ತೋರಿಸತಕ್ಕದ್ದು.

ಉಳಿದವರ ವಿಷಯದಲ್ಲಿ ಸ್ವಭಾವ ಹುಟ್ಟಿನಿಂದ ಬಂದರೂ ಬದಲಾಗದ್ದೇನೂ ಅಲ್ಲ. ಲಿಯಾನ್ ಬರ್ಚ್ ಮತ್ತು ಅವರ ಸಂಗಡಿಗರು 1982ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಎರಡು ವರ್ಷದ ಮಕ್ಕಳಿಗೆ ಅಪರಿಚಿತ ಆಹಾರಗಳನ್ನು ಇಪ್ಪತ್ತು ಸಲದವರೆಗೆ ಕೊಟ್ಟು ನೋಡಿದರು. ಹೆಚ್ಚು ಸಲ ಸವಿದುದು ಹೆಚ್ಚು ಪ್ರಿಯವಾಯಿತು. ಎರಡು ಮೂರು ಸಲಕ್ಕೆ ಕೈಬಿಡುವ ಮನೆಗಳೇ ಹೆಚ್ಚೆಂದು ನಮ್ಮ ಎಣಿಕೆ. 2006ರಲ್ಲಿ ಬಂದ ಇನ್ನೊಂದು ಪ್ರಯೋಗದಲ್ಲಿ ಶಿಶುವಿಹಾರದ ಮಕ್ಕಳಿಗೆ ಎರಡು ಬಗೆಯ ಸೂಪುಗಳನ್ನು ಬಡಿಸಿದರು. ಒಂದನ್ನು ಕೊಟ್ಟಾಗ ಮುಗಿಸು, ಮುಗಿಸೆಂದು ಒತ್ತಾಯಿಸಿದರು. ಇನ್ನೊಂದನ್ನು ಕೊಟ್ಟು ಸುಮ್ಮನಿದ್ದರು. ಸುಮ್ಮನಿದ್ದಾಗ ಮಕ್ಕಳು ಹೆಚ್ಚು ಕುಡಿದರು. ಸೂಪನ್ನು ಹಳಿದ ಮಾತುಗಳೂ ಆಗ ಬಹಳ ಕಡಿಮೆಯಾಗಿದ್ದವು.