ಧಾರವಾಡದ ಹುಡುಗ, ನಮ್ಮೂರ ಹಳದಿ ವ್ಯಾನು

ಸಿದ್ದಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಇವನ್ನು ಪಾಠ ಮಾಡುವಾಗ ನನಗೆ ಪದೇಪದೇ ಅನ್ನಿಸುವುದಿದು: ಸರ್ಕಾರಿ ಶಾಲೆ ಇಲ್ಲದಿದ್ದರೆ ಈ ಪುಸ್ತಕಗಳೇ ಇರುತ್ತಿರಲಿಲ್ಲ. ನಮ್ಮವರಿಗೆ ಅವಮಾನ ಆದದ್ದೂ ಅಲ್ಲೇ, ಅದನ್ನು ಬರೆಯುವ ಅಕ್ಷರ ಸಿಕ್ಕಿದ್ದೂ ಅಲ್ಲೇ. ಹೀಗಿರುವಾಗ ದಲಿತ ವಿಮರ್ಶೆಯು ಶಾಲೆಯ ಪ್ರಶ್ನೆಯನ್ನು ಸಾಹಿತ್ಯದ ಹೊರಗಿನದೆಂದು ಬಿಡುವಂತಿಲ್ಲ.

‘ಸಾರ್ವಜನಿಕ’ ಅನ್ನೋ ಮಾತಿಗೊಂದು ಚರಿತ್ರೆ ಇದೆ. 1856ರಲ್ಲಿ ಧಾರವಾಡದ ಮಹಾರ್ ಹುಡುಗನೊಬ್ಬ ತನ್ನನ್ನು ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ. ನ್ಯಾಯ ಹುಡುಗನ ಕಡೆಗಿದೆ ಎಂದು ಮುಂಬಯಿ ಸರ್ಕಾರ ಒಪ್ಪಿಕೊಂಡಿತು. ಆದರೆ ಒಬ್ಬನನ್ನು ಸೇರಿಸಿಕೊಂಡರೆ ಶಾಲೆ ಮಿಕ್ಕ ಜನಕ್ಕೆ ಪ್ರಯೋಜನಕ್ಕೆ ಬಾರದಂತಾದೀತು ಎಂದು ಬಾಗಿಲು ಮುಚ್ಚಿತು! ಆ ‘ಜನ’ದ ಲೆಕ್ಕದಲ್ಲಿ ಹುಡುಗ ಇರಲೇ ಇಲ್ಲ ಎಂಬುದನ್ನು ಗಮನಿಸಬೇಕು. ಸರ್ಕಾರಿ ಶಾಲೆ ಎಲ್ಲರಿಗೂ ತೆರೆದಿರಬೇಕೆಂದು ಲಂಡನ್ನಿನ ಕಂಪನಿ ನಿರ್ದೇಶಕರು ಆಮೇಲೆ ಹೇಳಿದರು. ಕಾಗದದ ಮೇಲೆ ಹುಡುಗ ಗೆದ್ದ, ಅಷ್ಟೇ. 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಅಂಬೇಡ್ಕರ್ ಈ ಪ್ರಕರಣವನ್ನು ಮತ್ತೆ ಎತ್ತಿದರು. ಇತ್ತ ನಮ್ಮ ಹಳೇ ಮೈಸೂರಿನಲ್ಲೂ 1915ರಲ್ಲಿ ಸರ್ಕಾರಿ ಶಾಲೆಗಳನ್ನು ಪಂಚಮರಿಗೆ ತೆರೆದಾಗ ಮೇಲುಜಾತಿಗಳು ಕೂಗೆಬ್ಬಿಸಿದವು.

ನಾನು ಓದಿದ್ದು ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿ ಶಾಲೆಯಲ್ಲಿ. ಬಿಸಿಯೂಟದ ಹೊತ್ತಿಗೆ ಊರಿನ ಕೆಲವು ಹುಡುಗರು ಮನೆಯಿಂದ ತಂದ ಡಬ್ಬಿ ಹಿಡಿದು ದೂರ ಕೂರುತ್ತಿದ್ದರು. ಮೇಷ್ಟ್ರು ನೋಡಿಯೂ ನೋಡದಂತಿದ್ದರು. ಅದೇ ಹುಡುಗರು ಲೆಕ್ಕ ಬಾರದಿದ್ದಾಗ ನನ್ನ ಸ್ಲೇಟು ಇಣುಕೋರು. ಕಬಡ್ಡಿಯಲ್ಲಿ ಕಾಲು ಹಿಡಿದು ಎಳೆಯುವಾಗ ಯಾರ ಕಾಲು ಅಂತ ಕೇಳೋಕೆ ಯಾರಿಗೂ ಪುರುಸೊತ್ತಿರಲಿಲ್ಲ. ಪ್ರಜಾಪ್ರಭುತ್ವ ಬರೀ ಸರ್ಕಾರದ ರೂಪವಲ್ಲ, ಕೂಡಿ ಬಾಳುವ ರೀತಿ ಎಂದು ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ಹೇಳುತ್ತಾರೆ. ಎಂ.ಎ. ಓದುವಾಗ ಆ ಮಾತು ಕಂಡ ಕೂಡಲೇ ನನಗೆ ನೆನಪಾದದ್ದು ಆ ಮೈದಾನ.

ಈಗ ಬೆಳಿಗ್ಗೆ ಎಂಟಕ್ಕೆ ಊರಿಗೆ ಹಳದಿ ವ್ಯಾನು ಬರುತ್ತದೆ. 2008ರಲ್ಲಿ ದೇವನಹಳ್ಳಿ ಹತ್ತಿರ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಲ ಜಮೀನಿಗೆ ಬೆಲೆ ಬಂತು. ಜಮೀನಿದ್ದವರ ಮಕ್ಕಳು ಕಾನ್ವೆಂಟಿಗೆ ಹೋದರು. ಹಳೇ ಶಾಲೆಯಲ್ಲಿ ಉಳಿದದ್ದು ಕೇರಿಯ ಮಕ್ಕಳು, ಮಗ್ಗದ ಕೂಲಿಗಳ ಮಕ್ಕಳು. ಅಂದು ನಮ್ಮನ್ನು ಹೊರಗಿಟ್ಟು ಶಾಲೆ ಉಳಿಸಿಕೊಂಡರು. ಇಂದು ನಮ್ಮನ್ನು ಒಳಗೆ ಬಿಟ್ಟು ತಾವು ಎದ್ದು ಹೋಗಿದ್ದಾರೆ. ಮುಟ್ಟಬೇಡ ಅಂತ ಯಾರೂ ಹೇಳಬೇಕಾಗಿಲ್ಲ, ಫೀಸೇ ಆ ಕೆಲಸ ಮಾಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ನೂರಕ್ಕೆ 25 ಸೀಟು ಬಡ, ಹಿಂದುಳಿದ ಮಕ್ಕಳಿಗೆ ಎಂದಿತ್ತು. ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಆ ಸೀಟಿಲ್ಲ ಎಂದು 2019ರಲ್ಲಿ ಕರ್ನಾಟಕ ನಿಯಮ ತಿದ್ದಿತು. ಸರ್ಕಾರಿ ಶಾಲೆ ಉಳಿಸಲು ಎಂಬ ಕಾರಣ ಕೊಟ್ಟರು. ಉಳಿಸುವ ಹೊರೆ ಮಾತ್ರ ಬಡವರ ಮಕ್ಕಳ ತಲೆ ಮೇಲೆ.

“ನಮ್ಮವರೂ ಕಾನ್ವೆಂಟಿಗೆ ಹಾಕ್ತಾರಲ್ಲ ಸಾರ್” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಹಾಕುತ್ತಾರೆ. ನಮ್ಮಕ್ಕನೇ ಸಂಘದಲ್ಲಿ ಸಾಲ ಮಾಡಿ ಮಗನನ್ನು ಹಾಕಿದ್ದಾಳೆ. ಯಾಕಕ್ಕ ಅಂದೆ. “ಇಸ್ಕೂಲ್ ಮೇಷ್ಟ್ರ ಮಗನೂ ಅದೇ ವ್ಯಾನಲ್ಲಿ ಹೋಗ್ತಾನೆ. ಅವರನ್ನ ಕೇಳ್ದಾ? ನನ್ನೇ ಯಾಕೋ ಕೇಳ್ತೀಯ?” ಅಂದಳು.