ಒಂದ್ ಚಾ ಕೊಡ್ರಿ

ಯಾದಗಿರಿ ರೈಲು ನಿಲ್ದಾಣದ ಹೊರಗೆ ಬೆಳಗಿನ ಆರೂವರೆ. ಚಹಾ ಬಂಡಿಯ ಸ್ಟೋವು ಭರ್ರೆನ್ನುತ್ತಿದೆ. ಪಕ್ಕದಲ್ಲಿ ಸುಸಲಾ ತುಂಬಿದ ಬುಟ್ಟಿ, ಎಣ್ಣೆಯಲ್ಲಿ ಉಬ್ಬಿ ಮೇಲೇಳುತ್ತಿರುವ ಮಿರ್ಚಿ. ಬಿಹಾರದಿಂದ ಬಂದು ಇಲ್ಲಿನ ಬ್ಯಾಂಕೊಂದರಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾದ ಹುಡುಗ ಬಂಡಿಯತ್ತ ನಡೆದ. ಹೇಳಬೇಕಾದ ಮಾತನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡ.

“ಅಣ್ಣಾ, ನನಗೆ ಒಂದು ಚಹಾ ಬೇಕು. ಸಕ್ಕರೆ ಸ್ವಲ್ಪ ಕಡಿಮೆ.”

ಬಂಡಿಯವರು ತಲೆ ಎತ್ತಿದರು. ಮುಖದ ತುಂಬ ನಗು. “ಹೌ ಸಾಬ್, ಶಕ್ಕರ್ ಕಮ್. ಬೈಠೋ, ಬೈಠೋ!”

ಚಹಾ ಬಂತು, ಸಕ್ಕರೆಯೂ ಹದವಾಗಿತ್ತು. ಹುಡುಗನ ಆ ದಿನದ ಕನ್ನಡ ಅಲ್ಲಿಗೇ ಮುಗಿಯಿತು.

ಅವನ ಜೇಬಿನಲ್ಲೊಂದು ಪುಟ್ಟ ನೋಟುಬುಕ್ಕು. ಕೇಳಿದ ಕನ್ನಡವನ್ನೆಲ್ಲ ದೇವನಾಗರಿಯಲ್ಲಿ, ಪೆನ್ಸಿಲಿನಿಂದ ಬರೆದುಕೊಂಡಿದ್ದಾನೆ. ‘ಚಹಾ ಕೊಡಿ’ ಎಂಬುದನ್ನು ಹೊಡೆದುಹಾಕಿ ಕೆಳಗೆ ‘ಒಂದ್ ಚಾ ಕೊಡ್ರಿ’ ಎಂದು ತಿದ್ದಿದ್ದಾನೆ. ‘ಎಲ್ಲಿಗೆ ಹೋಗುತ್ತಿದ್ದೀರಿ’ ಎಂಬುದರ ಎದುರು ‘ಎಲ್ಲಿಗಿ ಹೊಂಟೀರಿ’. ಕಲಿಕೆಯ ಪುಸ್ತಕ ಕೊಟ್ಟ ಕನ್ನಡ ಒಂದು, ಈ ಊರಿನ ಬಾಯಲ್ಲಿರುವುದು ಇನ್ನೊಂದು. ಎರಡರ ನಡುವಿನ ದಾರಿಯನ್ನು ಮಾತಾಡುತ್ತಲೇ ಸವೆಸಬೇಕು. ಆದರೆ ಯಾರ ಜೊತೆ? ಕೌಂಟರಿನಲ್ಲಿ ರೈತರು ಪಾಸ್‌ಬುಕ್ ಚಾಚಿ ಕನ್ನಡದಲ್ಲೇ ಶುರುಮಾಡುತ್ತಾರಂತೆ. ಇವನು ಬಾಯಿಬಿಟ್ಟೊಡನೆ ಅವರು ಹಿಂದಿಗೆ ಹೊರಳುತ್ತಾರಂತೆ.

ಬೀಜಿಂಗಿಗೆ ಚೀನಿ ಕಲಿಯಲು ಹೋದ ಹಲವರದೂ ಇದೇ ಗೋಳು. ಅವರು ಮುರುಕು ಚೀನಿಯಲ್ಲಿ ಕೇಳಿದರೆ ಎದುರಿನವರಿಂದ ಇಂಗ್ಲಿಷಿನಲ್ಲಿ ಉತ್ತರ ಬರುವುದುಂಟು. ಅಲ್ಲಿಯವರಿಗೆ ತಮ್ಮ ಇಂಗ್ಲಿಷನ್ನು ಆಡಿನೋಡುವ ಹಂಬಲವೂ ಇರಬಹುದು. ನಮ್ಮಲ್ಲಿ ಈ ರೂಢಿಯ ಬೇರು ಇನ್ನೂ ಆಳಕ್ಕಿದೆ. 1948ರ ಸೆಪ್ಟೆಂಬರಿನವರೆಗೆ ಈ ನೆಲ ಹೈದರಾಬಾದ್ ಸಂಸ್ಥಾನದ್ದು. ಕಚೇರಿಯ ಕಾಗದವೆಲ್ಲ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಅರ್ಜಿ ಹಿಡಿದು ನಿಂತ ರೈತ ಸಾಹೇಬರ ಮಾತಿಗೆ ತನ್ನ ನಾಲಿಗೆ ಹೊರಳಿಸಲೇಬೇಕಿತ್ತು. 1956ರಲ್ಲಿ ಕನ್ನಡ ರಾಜ್ಯಕ್ಕೆ ಸೇರಿದೆವು, 2009ರ ಕೊನೆಗೆ ಯಾದಗಿರಿ ಜಿಲ್ಲೆಯೂ ಆಯಿತು. ಹೊರಳುವ ರೂಢಿ ಮಾತ್ರ ಉಳಿಯಿತು. ಜಲ್ದಿ, ದವಾಖಾನಿ, ಖಾಲಿ ನಮ್ಮ ಕನ್ನಡದ್ದೇ ಮಾತುಗಳಾಗಿರುವುದು ನನಗೆ ಹೆಮ್ಮೆಯೇ. ಬಂದವರ ಮಾತಿನಲ್ಲೇ ಅವರನ್ನು ಕೂಡಿಸುವುದು ನಮ್ಮ ಸೌಜನ್ಯ. ಆದರೆ ಕನ್ನಡ ಬೇಕೆಂದು ಬಾಗಿಲಿಗೆ ಬಂದವನನ್ನು ಅದೇ ಸೌಜನ್ಯ ಹೊರಗೇ ನಿಲ್ಲಿಸುತ್ತಿದೆ ಎಂಬುದು ನನ್ನನ್ನು ಕಾಡುತ್ತದೆ.

ಶಹಾಪುರದ ಕಡೆ ಹೋದರೂ ಇದೇ ಕತೆ. ಮಲಗಿದ ಬುದ್ಧನಂತೆ ಕಾಣುವ ಬೆಟ್ಟಸಾಲು ದಾಟಿ, ನಾರಾಯಣಪುರ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು. ನೀರು ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು ಅಲ್ಲಿವೆ. ಕೂಲಿಗೆ ಹೋದ ನಮ್ಮ ಹೆಣ್ಣುಮಕ್ಕಳು ಒಂದೇ ಹಂಗಾಮಿನಲ್ಲಿ ತೆಲುಗು ಕಲಿತುಬಿಡುತ್ತಾರೆ. ಎಂಥ ಚುರುಕು ನಾಲಿಗೆ! ಅವರು ತೆಲುಗು ಕಲಿತಷ್ಟೂ ಕ್ಯಾಂಪಿನ ಅಜ್ಜಿಯರಿಗೆ ಕನ್ನಡ ದೂರವೇ ಉಳಿಯುತ್ತದೆ.

ಹಿಂದಿನ ಭಾನುವಾರ ಬ್ಯಾಂಕಿನ ಆ ಹುಡುಗನನ್ನು ಸುರಪುರಕ್ಕೆ ಕರೆದುಕೊಂಡು ಹೋಗಿದ್ದೆ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ತೋರಿಸಿದೆ. 1841ರಲ್ಲಿ ಸುರಪುರ ಸಂಸ್ಥಾನಕ್ಕೆ ಬಂದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿದ್ದ. ಎಳೆಯ ಅರಸು ವೆಂಕಟಪ್ಪ ನಾಯಕ ಅವನನ್ನು ಕರೆಯುತ್ತಿದ್ದದ್ದು ‘ಅಪ್ಪ’ ಎಂದು. 1877ರಲ್ಲಿ ಅಚ್ಚಾದ ಟೇಲರನ ಇಂಗ್ಲಿಷ್ ಆತ್ಮಕತೆಯಲ್ಲಿ ಆ ಕನ್ನಡದ ಕರೆ ಹಾಗೇ ಉಳಿದಿದೆ. ಅಷ್ಟು ದೂರದಿಂದ ಬಂದವನಿಗೆ ಆ ಮಗು ತನ್ನ ಮಾತನ್ನೇ ಕೊಟ್ಟಿತ್ತು.

ಇಳಿದು ಬಸ್‌ಸ್ಟ್ಯಾಂಡಿಗೆ ಬಂದಾಗ ಒಬ್ಬ ಮುದುಕಿ ಗೋಣಿತಟ್ಟಿನ ಮೇಲೆ ಹಣ್ಣು ಗುಡ್ಡೆ ಹಾಕಿಕೊಂಡು ಕುಳಿತಿದ್ದಳು. ಹುಡುಗ ಕುಕ್ಕರಗಾಲಲ್ಲಿ ಕೂತು, “ಅಮ್ಮಾ, ಸೀಬೆ ಹಣ್ಣು ಎಷ್ಟು?” ಎಂದ.

ಮುದುಕಿಗೆ ತಿಳಿಯಲಿಲ್ಲ. ನಾನು ಬಾಯಿ ತೆರೆಯಬೇಕೆಂದವನು ತಡೆದುಕೊಂಡೆ. ಅವಳಿಗೆ ಹೊರಳಲು ಬೇರೊಂದು ಭಾಷೆ ಇರಲಿಲ್ಲ.

“ಏನಂದ್ಯೋ ಯಪ್ಪಾ? ಇನ್ನೊಮ್ಮಿ ಹೇಳು.”

ಅವನು ಹಣ್ಣೊಂದನ್ನು ಎತ್ತಿ ಹಿಡಿದ. ಮುದುಕಿ ಬೊಚ್ಚುಬಾಯಿ ಅಗಲಿಸಿ ನಕ್ಕಳು. “ಪ್ಯಾರಲ ಹಣ್ಣೇನೋ! ಪ್ಯಾರಲ. ಹ್ಞಾಂ, ಅನ್ನು ನೋಡೂನು.”

“ಪ್ಯಾರಲ.”

“ಕೆಂಪಂದು ಬೇಕೋ, ಬಿಳೇದು ಬೇಕೋ?”

ಬಸ್ಸು ಬಂದು ನಿಂತಿತ್ತು. ಅವನು ಏಳಲಿಲ್ಲ.