ಬಳೆ ತೊಟ್ಟ ಸಾರಥಿ ಯಾರು?

ದಾವಣಗೆರೆಯ ಯಾವುದೋ ಒಂದು ಬಡಾವಣೆಯ ಮನೆ. ಪಿಯುಸಿ ಓದುವ ಮಗ ಭೌತಶಾಸ್ತ್ರದ ಪುಸ್ತಕದ ಮರೆಯಲ್ಲಿ ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಕಾದಂಬರಿ ಹಿಡಿದು ಕುಳಿತಿದ್ದಾನೆ. ಅಪ್ಪ ಬಂದು ಇಣುಕುತ್ತಾರೆ.

‘ಏನಲೇ ಅದು?’

‘ಅಪ್ಪಾಜಿ, ಇದ್ರಾಗ ಶಾಡ್ರಿಕ್ ಅಂತ ಒಬ್ಬ ಸಣ್ಣ ಯೋಧ ಬರ್ತಾನ. ಅವ ನಿಜವಾಗ್ಲೂ ಯಾರು ಅನ್ನೋದು ಯಾರಿಗೂ ಗೊತ್ತಿಲ್ಲ.’

‘ಪರೀಕ್ಷೆಗೆ ಬರ್ತತೇನು?’

ಅಲ್ಲಿಗೆ ಮಾತು ಮುಗಿಯುತ್ತದೆ. ಇಂಥ ಸಂಭಾಷಣೆ ಇಂದು ಅನೇಕ ಮನೆಗಳಲ್ಲಿ ನಡೆಯಬಹುದಾದದ್ದೇ. ಆದರೆ ಹುಡುಗನನ್ನು ಕಾಡುತ್ತಿರುವ ಪ್ರಶ್ನೆ ಅಪ್ಪ ಅಂದುಕೊಂಡಷ್ಟು ವಿದೇಶಿಯದಲ್ಲ. ಅದೇ ಮನೆಯ ಅಜ್ಜಿಗೆ ಅದನ್ನು ವಿವರಿಸಿದ್ದರೆ, ‘ಇದು ವಿರಾಟಪರ್ವದ ಕಥೆಯಲ್ಲವೇನೋ’ ಎಂದು ಆಕೆ ನಕ್ಕುಬಿಡುತ್ತಿದ್ದರು.

ಮೊದಲು ಹುಡುಗನ ಪ್ರಶ್ನೆಯನ್ನೇ ನೋಡೋಣ. ಅಮೆರಿಕದ ಜಾರ್ಜ್ ಆರ್. ಆರ್. ಮಾರ್ಟಿನ್ 1996ರಿಂದ ಬರೆಯುತ್ತ ಬಂದ ಕಲ್ಪಿತ ರಾಜ್ಯಗಳ ಮಹಾಕಥೆಯಲ್ಲಿ ನೂರಾರು ಯೋಧರಿದ್ದಾರೆ. 2005ರಲ್ಲಿ ಬಂದ ನಾಲ್ಕನೆಯ ಸಂಪುಟದಲ್ಲಿ ಶಾಡ್ರಿಕ್ ಎಂಬ ಗಿಡ್ಡ ಯೋಧ ಕಾಣಿಸಿಕೊಳ್ಳುತ್ತಾನೆ. ಅವನ ಗುರಾಣಿಯ ಮೇಲೆ ಕೆಂಪು ಕಣ್ಣಿನ ಬಿಳಿ ಇಲಿಯ ಚಿತ್ರ. ಇನ್ನೊಂದೆಡೆ ಹೌಲ್ಯಾಂಡ್ ರೀಡ್ ಎಂಬ ಪಾತ್ರವಿದೆ. ಕಥಾನಾಯಕನ ಹುಟ್ಟಿನ ಗುಟ್ಟು ಬಲ್ಲವನು ಇವನೇ ಎಂದು ಓದುಗರು ನಂಬಿದ್ದಾರೆ. ಅವನೂ ಕುಳ್ಳ, ಆದರೆ ಐದು ಸಂಪುಟ ಮುಗಿದರೂ ಒಮ್ಮೆಯೂ ನೇರವಾಗಿ ಎದುರಿಗೆ ಬಂದಿಲ್ಲ! ಐದನೆಯದು ಬಂದದ್ದು 2011ರಲ್ಲಿ. ಆರನೆಯದಕ್ಕಾಗಿ ಹತ್ತು ವರ್ಷಕ್ಕೂ ಮೀರಿ ಕಾದ ಓದುಗರು ಸುಮ್ಮನೆ ಕೂರಲಿಲ್ಲ. ‘ಕುಳ್ಳ ಶಾಡ್ರಿಕ್ಕನೇ ಮಾರುವೇಷದ ಹೌಲ್ಯಾಂಡ್, ಸತ್ತ ಗೆಳೆಯನ ಮಗಳನ್ನು ಕಾಯಲು ಬಂದಿದ್ದಾನೆ’ ಎಂದು ಕೆಲವರು ತರ್ಕಿಸಿದರು. ಆ ನಾಡಿನ ಪವಿತ್ರ ಮರದ ತೊಗಟೆ ಬಿಳಿ, ಎಲೆ ಕೆಂಪು. ಇಲಿಯ ಬಣ್ಣವೂ ಅವೇ ಎಂದು ಸಾಕ್ಷ್ಯ ಒದಗಿಸಿದರು. ‘ಇವನು ಬಹುಮಾನದ ಆಸೆಗೆ ಆ ಹುಡುಗಿಯನ್ನು ಹುಡುಕುತ್ತಿದ್ದೇನೆಂದು ತಾನೇ ಹೇಳಿಕೊಂಡಿದ್ದಾನಲ್ಲ’ ಎಂದು ಇನ್ನು ಕೆಲವರು ತಳ್ಳಿಹಾಕಿದರು.

ಮುಖ ಮರೆಸಿಕೊಂಡ ಯೋಧನೆಂದರೆ ಓದುಗರಿಗೆ ಯಾವಾಗಲೂ ಅಚ್ಚುಮೆಚ್ಚು. ವಾಲ್ಟರ್ ಸ್ಕಾಟ್ 1819ರಲ್ಲಿ ಪ್ರಕಟಿಸಿದ ‘ಐವನ್‌ಹೋ’ದಲ್ಲಿ ಕಪ್ಪು ಕವಚದ ಅಪರಿಚಿತನೊಬ್ಬ ಬರುತ್ತಾನೆ. ಅವನು ಇಂಗ್ಲೆಂಡಿನ ದೊರೆ ರಿಚರ್ಡನೇ ಎಂಬುದು ಬಹಳ ಹೊತ್ತಿನ ಮೇಲೆ ತಿಳಿಯುತ್ತದೆ. ಆದರೆ ಊಹಿಸುವ ಕೆಲಸವನ್ನು ಓದುಗನಿಗೇ ಬಿಡದೆ, ಕಥೆಯೊಳಗಿನ ಪಾತ್ರಗಳಿಂದಲೇ ಮಾಡಿಸಿ, ಸಾಕ್ಷ್ಯವನ್ನು ಅಳೆದು ತೂಗಿ, ಕೊನೆಗೆ ಪಂಚಾಂಗದ ಲೆಕ್ಕಕ್ಕೂ ಇಳಿದ ಕಥೆ ಬೇಕೆಂದರೆ ನಮ್ಮ ವಿರಾಟಪರ್ವಕ್ಕೇ ಬರಬೇಕು.

ಕಥೆ ಎಲ್ಲರಿಗೂ ಗೊತ್ತು. ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ. ಆ ಒಂದು ವರ್ಷದಲ್ಲಿ ಗುರುತು ಸಿಕ್ಕಿಬಿದ್ದರೆ ಮತ್ತೆ ಹನ್ನೆರಡು ವರ್ಷ ಕಾಡು. ಧರ್ಮರಾಯ ಕಂಕನಾದ, ಭೀಮ ಅಡುಗೆಯ ವಲಲನಾದ, ನಕುಲ ಕುದುರೆ ಲಾಯ ಸೇರಿದ, ಸಹದೇವ ದನ ಕಾಯ್ದ, ದ್ರೌಪದಿ ಸೈರಂಧ್ರಿಯಾದಳು. ಅರ್ಜುನ ಬೃಹನ್ನಳೆಯಾಗಿ ರಾಜಕುಮಾರಿ ಉತ್ತರೆಗೆ ನಾಟ್ಯ ಕಲಿಸಲು ನಿಂತ. ಅವನ ವೇಷದಲ್ಲಿ ಒಂದು ಜಾಣತನವಿದೆ. ಬಿಲ್ಲಿನ ಹೆದೆ ಉಜ್ಜಿ ಉಜ್ಜಿ ಬಿಲ್ಲುಗಾರನ ತೋಳಿನ ಮೇಲೆ ಜಡ್ಡು ಕಟ್ಟಿರುತ್ತದೆ. ಸಾಮಾನ್ಯ ಬಿಲ್ಲುಗಾರನಿಗೆ ಅದು ಒಂದೇ ತೋಳಿಗೆ. ಎರಡು ಕೈಯಿಂದಲೂ ಬಾಣ ಬಿಡಬಲ್ಲ ಸವ್ಯಸಾಚಿಗೆ ಎರಡಕ್ಕೂ. ಎರಡು ತೋಳಿನಲ್ಲೂ ಜಡ್ಡಿರುವವನು ಸಿಕ್ಕರೆ ಅವನು ಅರ್ಜುನನೇ ಎಂದು ಯಾರೂ ಹೇಳಿಬಿಡಬಹುದು. ಅದಕ್ಕೇ ಎರಡು ಕೈಗೂ ಬಳೆ.

ಆಯುಧಗಳನ್ನು ಅಡಗಿಸಿದ್ದು ಊರಾಚೆಯ ಶ್ಮಶಾನದ ಬಳಿಯ ಶಮೀವೃಕ್ಷದಲ್ಲಿ. ಜನ ಹತ್ತಿರ ಸುಳಿಯದಿರಲೆಂದು ಅದಕ್ಕೊಂದು ಹೆಣವನ್ನೂ ಕಟ್ಟಿದ್ದರು. ಆ ಶಮಿಯೇ ನಮ್ಮ ಬನ್ನಿ. ವಿಜಯದಶಮಿಯ ಸಂಜೆ ದಾವಣಗೆರೆ, ಹರಿಹರದ ಮನೆಮನೆಗಳಲ್ಲಿ ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎಂದು ಹಂಚುವ ಎಲೆ ಅದರದೇ. ಸಸ್ಯಶಾಸ್ತ್ರದಲ್ಲಿ ಪ್ರೊಸೊಪಿಸ್ ಸಿನೆರೇರಿಯಾ ಎಂದು ಹೆಸರು ಪಡೆದ ಇದು ಒಣನೆಲದಲ್ಲೂ ಆಳಕ್ಕೆ ಬೇರು ಬಿಟ್ಟು ಬದುಕುವ ಮರ. ರಸ್ತೆ ಬದಿಯಲ್ಲಿ ಹಬ್ಬಿರುವ ಬಳ್ಳಾರಿ ಜಾಲಿ ಇದರ ದೂರದ ನೆಂಟನೇ ಆದರೂ ಅದು ಅಮೆರಿಕ ಖಂಡದಿಂದ ಬಂದದ್ದು. ಪಾಂಡವರಿಗೂ ಅದಕ್ಕೂ ಸಂಬಂಧವಿಲ್ಲ!

ಇನ್ನು ಊಹೆಯ ಆಟ. ದುರ್ಯೋಧನನ ಗೂಢಚಾರರು ದೇಶವೆಲ್ಲ ಸುತ್ತಿ ಬರಿಗೈಲಿ ಬಂದರು. ತಂದದ್ದು ಒಂದೇ ಸುದ್ದಿ: ವಿರಾಟನ ಮೈದುನ ಕೀಚಕನನ್ನು ಯಾರೋ ಗಂಧರ್ವರು ರಾತ್ರಿ ಕೊಂದರಂತೆ. ದಕ್ಷಿಣದ ಪಾಠಗಳಲ್ಲಿ ದುರ್ಯೋಧನ ಇಲ್ಲಿ ಥಟ್ಟನೆ ಲೆಕ್ಕ ಹಾಕುತ್ತಾನೆ. ಕೀಚಕನನ್ನು ಬರಿಗೈಯಲ್ಲಿ ಮುಗಿಸಬಲ್ಲವರು ಬೆರಳೆಣಿಕೆಯ ಜನ. ಅವರಲ್ಲಿ ಕಣ್ಣಿಗೆ ಬೀಳದಿರುವವನು ಭೀಮನೊಬ್ಬನೇ. ಭೀಷ್ಮರ ದಾರಿ ಬೇರೆ. ಧರ್ಮರಾಯ ಇರುವ ನಾಡಿನಲ್ಲಿ ಮಳೆ ಬೆಳೆ ಚೆನ್ನಾಗಿರುತ್ತದೆ, ಜನ ಸತ್ಯವಂತರಾಗಿರುತ್ತಾರೆ; ಅಂಥ ನಾಡು ಹುಡುಕಿ ಎನ್ನುತ್ತಾರೆ. ಮನುಷ್ಯ ಕಾಣದಿದ್ದರೇನಂತೆ, ಅವನ ಪರಿಣಾಮ ಕಾಣುತ್ತದಲ್ಲ!

ವಿಜ್ಞಾನದ ವಿದ್ಯಾರ್ಥಿಗಳಿಗೆ ಈ ದಾರಿ ಪರಿಚಿತವೇ. ಯುರೇನಸ್ ಗ್ರಹ ಲೆಕ್ಕದಂತೆ ನಡೆಯದೆ ಓಲಾಡುತ್ತಿತ್ತು. ಕಾಣದ ಇನ್ನೊಂದು ಗ್ರಹ ಅದನ್ನು ಸೆಳೆಯುತ್ತಿರಬೇಕೆಂದು ಫ್ರಾನ್ಸಿನ ಲೆವೆರಿಯೆ ಕಾಗದದ ಮೇಲೆ ಲೆಕ್ಕ ಹಾಕಿದ. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್‌ನಲ್ಲಿ ಗಾಲೆ ದೂರದರ್ಶಕ ತಿರುಗಿಸಿದಾಗ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು. ಅದೇ ಲೆವೆರಿಯೆ ಬುಧಗ್ರಹದ ಓಲಾಟಕ್ಕೂ ಇಂಥದೇ ಕಾಣದ ಗ್ರಹ ಕಾರಣವೆಂದು ಊಹಿಸಿದ. ಅದಕ್ಕೆ ವಲ್ಕನ್ ಎಂಬ ಹೆಸರೂ ಬಂತು. ಹುಡುಕಿದ್ದೇ ಹುಡುಕಿದ್ದು, ಗ್ರಹ ಮಾತ್ರ ಸಿಗಲಿಲ್ಲ. ನಿಜವಾದ ಕಾರಣವನ್ನು 1915ರಲ್ಲಿ ಐನ್‌ಸ್ಟೈನ್ ತಮ್ಮ ಸಾಪೇಕ್ಷತಾ ಸಿದ್ಧಾಂತದಿಂದ ವಿವರಿಸಿದರು. ಊಹಿಸಿದವನು ಒಬ್ಬನೇ, ವಿಧಾನವೂ ಒಂದೇ. ಒಮ್ಮೆ ಗೆದ್ದ, ಒಮ್ಮೆ ಸೋತ.

ಕಥೆಯ ರಸವತ್ತಾದ ಭಾಗ ಮುಂದಿದೆ. ಕೌರವರು ವಿರಾಟನ ಗೋವುಗಳನ್ನು ಹಿಡಿದಾಗ ಊರಲ್ಲಿ ಉಳಿದಿದ್ದವನು ರಾಜಕುಮಾರ ಉತ್ತರನೊಬ್ಬನೇ. ಅವನು ಹೆಂಗಸರ ನಡುವೆ ಕೊಚ್ಚಿಕೊಳ್ಳುವುದನ್ನು ಗದುಗಿನ ಕುಮಾರವ್ಯಾಸ ಎಷ್ಟು ಸೊಗಸಾಗಿ ಬರೆದನೆಂದರೆ ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಇಂದಿಗೂ ಕನ್ನಡಿಗರ ಬಾಯಲ್ಲಿದೆ. ಸಾರಥಿಯಾಗಿ ಬೃಹನ್ನಳೆ ಹೊರಟಳು. ಕೌರವ ಸೇನೆಯನ್ನು ಕಂಡದ್ದೇ ತಡ, ಉತ್ತರ ರಥದಿಂದ ಧುಮುಕಿ ಓಟಕಿತ್ತ. ಅವನನ್ನು ಹಿಡಿಯಲು ಉದ್ದ ಜಡೆ ಹಾರಿಸುತ್ತ, ಸೀರೆಯ ಸೆರಗು ಬೀಸುತ್ತ ಸಾರಥಿಯೂ ಓಡಿತು. ನೋಡಿದ ಸೈನಿಕರು ಬಿದ್ದು ಬಿದ್ದು ನಕ್ಕರು.

ನಗು ನಿಂತ ಮೇಲೆ ಗುಸುಗುಸು ಶುರುವಾಯಿತು. ಬೂದಿ ಮುಚ್ಚಿದ ಕೆಂಡದಂತಿರುವ ಇವರು ಯಾರು? ಒಂದಿಷ್ಟು ಗಂಡು, ಒಂದಿಷ್ಟು ಹೆಣ್ಣು. ಆ ಕತ್ತು, ಆ ತೋಳು, ಆ ನಡಿಗೆ ಅರ್ಜುನನದೇ ಅಲ್ಲವೇ? ಒಬ್ಬಂಟಿಯಾಗಿ ಇಡೀ ಸೇನೆಯ ಎದುರು ಬರುವ ಧೈರ್ಯ ಇನ್ನಾರಿಗಿದೆ? ಅಭಿಮಾನಿ ಓದುಗರು ಇಂದು ಮಾಡುವುದನ್ನೇ ಕೌರವ ಸೈನಿಕರು ಅಂದು ಬಯಲಲ್ಲಿ ನಿಂತು ಮಾಡಿದರು.

ಹರಿಹರದವರಿಗೆ ಈ ‘ಒಂದಿಷ್ಟು ಇದು, ಒಂದಿಷ್ಟು ಅದು’ ಹೊಸದಲ್ಲ. ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂದು ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಮೈಯಾಗಿ ಬಂದರೆಂಬುದು ಸ್ಥಳಪುರಾಣ. ಇದು ಯಾರು ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಕೊಡಲಾಗದ ವಿಗ್ರಹ ಅದು. ಕೌರವ ಸೈನಿಕರಿಗೆ ಆ ನಿರಾಳ ಇರಲಿಲ್ಲ. ಉತ್ತರ ಒಂದೇ ಬೇಕಿತ್ತು, ಅದೂ ತಕ್ಷಣ.

ಏಕೆಂದರೆ ಇಲ್ಲಿ ಪ್ರಶ್ನೆ ‘ಯಾರು’ ಎಂಬುದಕ್ಕಿಂತ ‘ಯಾವಾಗ’ ಎಂಬುದು. ಶಕುನಗಳನ್ನು ಕಂಡ ದ್ರೋಣರು ಅರ್ಜುನನೇ ಎಂದಾಗ ಕರ್ಣ ಹೀಯಾಳಿಸಿದ. ದುರ್ಯೋಧನ ಮಾತ್ರ ಒಳಗೊಳಗೇ ಹಿಗ್ಗಿದ. ಅರ್ಜುನನಾದರೆ ಒಳ್ಳೆಯದೇ ಆಯಿತಲ್ಲ, ಅವಧಿ ಮುಗಿಯುವ ಮೊದಲೇ ಸಿಕ್ಕಿಬಿದ್ದ! ಅವನ ಲಾಭಕ್ಕೆ ಒಪ್ಪುವ ಊಹೆ ಅದು. ಆದ್ದರಿಂದ ಲೆಕ್ಕ ಮಾಡಿ ನೋಡುವ ಗೋಜಿಗೆ ಅವನು ಹೋಗಲಿಲ್ಲ. ಲೆಕ್ಕ ಮಾಡಿದವರು ಭೀಷ್ಮರು.

ಐದೈದು ವರ್ಷಕ್ಕೆ ಎರಡು ಅಧಿಕ ಮಾಸ ಬರುತ್ತವೆ. ಹದಿಮೂರು ವರ್ಷಕ್ಕೆ ಐದು ತಿಂಗಳು ಹನ್ನೆರಡು ರಾತ್ರಿ ಹೆಚ್ಚಾಗುತ್ತದೆ. ಪಾಂಡವರ ಅವಧಿ ಮುಗಿದಿದೆ. ಇದು ಭೀಷ್ಮರ ತೀರ್ಪಿನ ಸಾರಾಂಶ. ಐದು ವರ್ಷಕ್ಕೆ 1830 ದಿನ, 62 ಚಾಂದ್ರಮಾಸ ಎಂಬ ವೇದಾಂಗ ಜ್ಯೋತಿಷದ ಹಳೆಯ ಲೆಕ್ಕವೂ ಇದೇ: 60 ತಿಂಗಳ ಮೇಲೆ ಎರಡು ಹೆಚ್ಚು. ಒಂದು ವಿವರಣೆಯ ಪ್ರಕಾರ, ಹನ್ನೆರಡು ಚಾಂದ್ರಮಾಸಕ್ಕೆ ಒಂದು ವರ್ಷವೆಂದು ಎಣಿಸಿದರೆ ಗಡುವು ಐದು ತಿಂಗಳು ಮೊದಲೇ ತೀರುತ್ತದೆ. ಅಧಿಕ ಮಾಸಗಳನ್ನು ಒಳಗೆ ಸೇರಿಸಿ ಸೂರ್ಯನ ವರ್ಷಕ್ಕೆ ಹೊಂದಿಸಿದರೆ ಆ ತಿಂಗಳುಗಳು ಬಾಕಿ ಉಳಿಯುತ್ತವೆ. ಒಂದೇ ದಿನ, ಎರಡು ಪಂಚಾಂಗ. ಒಂದರಲ್ಲಿ ಅರ್ಜುನ ಗೆದ್ದವನು, ಇನ್ನೊಂದರಲ್ಲಿ ಸಿಕ್ಕಿಬಿದ್ದವನು.

ಹೈಸ್ಕೂಲು ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬಹುದು. ಐದಕ್ಕೆ ಎರಡಾದರೆ ಹದಿಮೂರಕ್ಕೆ 5.2 ತಿಂಗಳು, ಅಂದರೆ ಐದು ತಿಂಗಳು ಆರು ದಿನ. ಭೀಷ್ಮರು ಹೇಳಿದ್ದು ಹನ್ನೆರಡು ರಾತ್ರಿ! ಉಳಿದ ಆರು ಎಲ್ಲಿಂದ ಬಂತೆಂದು ಪಂಡಿತರು ಬಹಳ ಚರ್ಚಿಸಿದ್ದಾರೆ. ಇಂದಿನ ಅಳತೆಯಲ್ಲಿ ಚಾಂದ್ರಮಾಸಕ್ಕೆ ಸರಾಸರಿ 29.53 ದಿನ, ಹನ್ನೆರಡಕ್ಕೆ ಸುಮಾರು 354.37. ಸೌರವರ್ಷದ 365.25ರಿಂದ ಕಳೆದರೆ 10.88. ಹದಿಮೂರರಿಂದ ಗುಣಿಸಿದರೆ ಸುಮಾರು 141 ದಿನ, ಅಂದರೆ ನಾಲ್ಕು ತಿಂಗಳು 23 ದಿನ. 19 ವರ್ಷಕ್ಕೆ ಏಳು ಅಧಿಕ ಮಾಸ ಎಂಬ ಸೂತ್ರದಿಂದಲೂ ಇದಕ್ಕೇ ಬಂದು ಮುಟ್ಟುತ್ತೇವೆ. 2023ರಲ್ಲಿ ಶ್ರಾವಣ ಎರಡು ಬಾರಿ ಬಂದದ್ದು ಈ ಲೆಕ್ಕದಿಂದಲೇ. ಕಥೆಯೊಂದನ್ನು ಹಿಡಿದು ಹೊರಟ ಹುಡುಗ ಖಗೋಳಶಾಸ್ತ್ರಕ್ಕೆ ಬಂದು ನಿಂತರೆ, ಪರೀಕ್ಷೆಗೆ ಬರುತ್ತದೆಯೋ ಇಲ್ಲವೋ ಎಂದು ಅಪ್ಪ ಕೇಳಬೇಕಾದ ಅಗತ್ಯವಿಲ್ಲವೇನೋ.

ಅತ್ತ ಬನ್ನಿ ಮರದ ಬುಡದಲ್ಲಿ ಇನ್ನೊಂದು ಪರೀಕ್ಷೆ ನಡೆದಿತ್ತು. ‘ನಾನೇ ಅರ್ಜುನ’ ಎಂದು ಸಾರಥಿ ಹೇಳಿದರೆ ಉತ್ತರ ಒಪ್ಪಲಿಲ್ಲ. ಅರ್ಜುನನಿಗೆ ಹತ್ತು ಹೆಸರುಗಳಿವೆ, ಅವನ್ನು ಹೇಳು ಎಂದ. ಹೇಳಿದ ಮೇಲೂ ಬಿಡದೆ ಒಂದೊಂದು ಹೆಸರೂ ಏಕೆ ಬಂತೆಂದು ವಿವರಿಸು ಎಂದ. ಹೆಸರುಗಳನ್ನು ಯಾರಾದರೂ ಬಾಯಿಪಾಠ ಮಾಡಬಹುದು. ಕಾರಣ ಬಲ್ಲವನು ಮೂಲದವನು. ಯುದ್ಧದಲ್ಲಿ ಓಡಿಹೋದ ಹುಡುಗ ಪ್ರಶ್ನೆ ಕೇಳುವುದರಲ್ಲಿ ಮಾತ್ರ ಕರ್ಣನಿಗಿಂತ ಮೇಲು. ಗುಡುಗು ಬಂದಾಗ ನಮ್ಮ ಕಡೆಯ ಅಜ್ಜಿಯರು ಮಕ್ಕಳಿಗೆ ಹೇಳಿಕೊಡುವ ‘ಅರ್ಜುನ, ಫಲ್ಗುಣ’ ಇದೇ ಪಟ್ಟಿಯಿಂದ ಬಂದದ್ದು.

ಊಹೆ ಊರುಗಳನ್ನೂ ಬಿಟ್ಟಿಲ್ಲ. ಹರಿಹರ ದಾಟಿ ರಾಣೆಬೆನ್ನೂರು, ಹಾವೇರಿ ಮಾರ್ಗವಾಗಿ ಹೋದರೆ ಸಿಗುವ ಹಾನಗಲ್ಲೇ ವಿರಾಟನಗರವೆಂದು ಆ ಭಾಗದ ಜನರ ನಂಬಿಕೆ. ಪಾನುಂಗಲ್ಲು ಎಂದು ಶಾಸನಗಳಲ್ಲಿ ಕಾಣುವ ಈ ಊರಿಗೆ ವಿರಾಟನ ಕೋಟೆ ಎಂಬ ಹೆಸರೂ ಶಾಸನಗಳಲ್ಲೇ ಇದೆ; ಆದ್ದರಿಂದ ಇದು ನಿನ್ನೆ ಮೊನ್ನೆ ಹುಟ್ಟಿದ ಕಥೆಯಲ್ಲ. ವಿರಾಟನ ಮತ್ಸ್ಯದೇಶ ಇದ್ದದ್ದು ರಾಜಸ್ಥಾನದಲ್ಲಿ, ಜೈಪುರದ ಬಳಿಯ ಬೈರಾಟವೇ ವಿರಾಟನಗರ ಎಂಬುದು ಇತಿಹಾಸಕಾರರ ಮತ. ಅಶೋಕನ ಶಾಸನ ಸಿಕ್ಕ ಪ್ರಾಚೀನ ಸ್ಥಳ ಅದು. ಸಾಕ್ಷ್ಯ ಅತ್ತಲೇ ಹೆಚ್ಚು ವಾಲುತ್ತದೆ. ಆದರೂ ಸುಮಾರು ಐದೂವರೆ ಶತಮಾನಗಳಿಗೂ ಹೆಚ್ಚು ಕಾಲದಿಂದ ಕುಮಾರವ್ಯಾಸನನ್ನು ವಾಚಿಸುತ್ತ ಬಂದ ನಾಡಿಗೆ ವಿರಾಟನೂ ನೆರೆಯವನೇ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವೇನು?

ಎಲ್ಲರಿಗಿಂತ ತಡವಾಗಿ ತಿಳಿದದ್ದು ವಿರಾಟರಾಜನಿಗೆ. ವರ್ಷವಿಡೀ ಅವನದೇ ಅರಮನೆಯಲ್ಲಿ ಅವರು ಉಂಡರು, ಅಡುಗೆ ಮಾಡಿದರು, ಅವನೊಡನೆ ಪಗಡೆ ಆಡಿದರು. ಮಗನೇ ಗೆದ್ದನೆಂದು ಅವನು ಬೀಗುತ್ತಿದ್ದಾಗ, ಬೃಹನ್ನಳೆ ಜೊತೆಗಿದ್ದಮೇಲೆ ಗೆಲುವು ಸಹಜವೆಂದ ಕಂಕನ ಮುಖಕ್ಕೆ ದಾಳ ಬೀಸಿ ಹೊಡೆದ. ಮೂಗಿನಿಂದ ಸುರಿದ ರಕ್ತ ನೆಲಕ್ಕೆ ಬೀಳದಂತೆ ಸೈರಂಧ್ರಿ ಪಾತ್ರೆ ಹಿಡಿದಳು. ಅದೇಕೆಂದು ಆಗಲೂ ಅವನಿಗೆ ಹೊಳೆಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಸಭೆಗೆ ಬಂದರೆ ಕಂಕ ಸಿಂಹಾಸನದ ಮೇಲೆ ಕುಳಿತಿದ್ದಾನೆ. ಪಗಡೆಯಾಡಲು ಇಟ್ಟುಕೊಂಡವನು ಇಲ್ಲೇಕೆ ಕುಳಿತ ಎಂದು ವಿರಾಟ ಗದರಿದ. ಪಕ್ಕದಲ್ಲಿ ನಿಂತಿದ್ದ ಅರ್ಜುನ ಮೆಲ್ಲಗೆ ನಕ್ಕು, ಅವರು ಯಾರೆಂದು ಹೇಳಿದ.